ಯಲಬುರ್ಗಾದಲ್ಲಿ ನಾಲ್ಕು ದಿನ

ಕಳೆದ ವೈಶಾಖದಲ್ಲಿ ಯಲಬುರ್ಗಾದಲ್ಲಿರುವ ನನ್ನ ತಂಗಿಯು ದೂರವಾಣಿಯಲ್ಲಿ ಮಾತನಾಡುತ್ತ, “ಅಣ್ಣಾ, ನೀ ಸಂಸ್ಕೃತ ಓದಿದಾಂವ. ಈ ಹುಡುಗಿಗೆ ಸೂಜಿ ಬಿಡಿಸೋ ಔಷಧ ನಮ್ಮ ಶಾಸ್ತ್ರದಾಗ ಐತೇನು, ನೋಡಿ ಹೇಳು” ಎಂದಳು. ಹುಡುಗಿ ಎಂದರೆ ಅವಳ ಮೊಮ್ಮಗಳು, ಹನ್ನೆರಡು ವರ್ಷದವಳು. ಎರಡು ವರ್ಷಗಳ ಹಿಂದೆ ಮೊದಲನೆಯ ಬಗೆಯ ಮಧುಮೇಹವೆಂದು ಗೊತ್ತಾದಂದಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವಳು. ನೆರೆಯವರು ಯಾವುದೋ ಬೇರಿನ ಕಷಾಯವನ್ನು ಹೇಳಿದ್ದರು. ಅದನ್ನು ಕುಡಿಸಿ ಸೂಜಿಯನ್ನು ನಿಲ್ಲಿಸಬಹುದೇ ಎಂದು ತಂಗಿಯ ಮನಸ್ಸು ತೂಗಾಡುತ್ತಲಿದ್ದಿತು. ಇಂಥ ಪ್ರಶ್ನೆಗೆ ದೂರದಿಂದ ಉತ್ತರ ಹೇಳುವುದು ಯುಕ್ತವಲ್ಲವೆಂದೆಣಿಸಿ, ಸುಶ್ರುತಸಂಹಿತೆಯನ್ನು ಚೀಲದಲ್ಲಿಟ್ಟುಕೊಂಡು ಧಾರವಾಡದಿಂದ ಹೊರಟೆನು.

ಗದಗಿನವರೆಗೆ ರೈಲು, ಅಲ್ಲಿಂದ ಕುಕನೂರಿನ ಮೇಲೆ ಬಸ್ಸು. ಬೆಳೆ ತೆಗೆದ ಎರೆಹೊಲಗಳು ಬಿರುಕುಬಿಟ್ಟು ಮಲಗಿದ್ದವು. ನಡುನಡುವೆ ಕೆಂಪು ಮಸಾರಿ ಭೂಮಿ, ಜಾಲಿಯ ಗಿಡ. ಶಾಸನಗಳಲ್ಲಿ ಎರಂಬರಗೆ ಎಂದು ಕರೆಯಿಸಿಕೊಂಡ ಈ ಊರು ಹನ್ನೆರಡನೆಯ ಶತಮಾನದಲ್ಲಿ ಸಿಂದ ಮಾಂಡಲಿಕರ ರಾಜಧಾನಿಯಾಗಿದ್ದಿತು. ೧೯೪೮ರವರೆಗೆ ನಿಜಾಮರ ಸೀಮೆಗೆ ಸೇರಿದ್ದು, ಬಳಿಕ ರಾಯಚೂರು ಜಿಲ್ಲೆಯಲ್ಲಿದ್ದು, ೧೯೯೭ರಿಂದ ಕೊಪ್ಪಳ ಜಿಲ್ಲೆಯ ತಾಲೂಕಾಗಿರುವುದು. ಬೇಸಗೆಯಲ್ಲಿ ಇಲ್ಲಿಯ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟುವುದು. ಆ ಬಿಸಿಲಿಗೂ ನನ್ನ ತಂಗಿಯ ಮೊಮ್ಮಗಳ ಪ್ರಾಣಕ್ಕೂ ಇರುವ ಸಂಬಂಧವು ಮನೆಯನ್ನು ಹೊಕ್ಕ ಮೇಲೆಯೇ ನನಗೆ ತಿಳಿಯಿತು.

ಪಡಸಾಲೆಯ ಗೋಡೆಯಲ್ಲಿ ದೇವರ ದೀಪವಿಡುವಂಥದೊಂದು ಗೂಡು ಇದೆ. ಹುಡುಗಿಯ ಸಾಮಾನುಗಳೆಲ್ಲ ಅಲ್ಲಿಯೇ. “ಬರ್ರಿ ಅಜ್ಜಾ, ನನ್ನ ಅಂಗಡಿ ತೋರಸ್ತೀನಿ” ಎಂದು ಆಕೆಯು ಒಂದೊಂದನ್ನೇ ಕೆಳಗಿಳಿಸಿದಳು.

ಮೊದಲನೆಯದು ರಕ್ತದ ಸಕ್ಕರೆಯನ್ನು ಅಳೆಯುವ ಗ್ಲುಕೋಮೀಟರು. ಬೆರಳಿನ ತುದಿಯ ಮಗ್ಗುಲಿಗೆ ಸಣ್ಣ ಸೂಜಿಯನ್ನು ತಾಕಿಸಿ, ಸಾಸಿವೆಕಾಳಿನಷ್ಟು ರಕ್ತವನ್ನು ಪಟ್ಟಿಗೆ ಹಚ್ಚಿದರೆ ಕೆಲವೇ ಕ್ಷಣಗಳಲ್ಲಿ ಅಂಕೆಯು ಮೂಡುವುದು. ನಾನು ಬಾಲಕನಾಗಿದ್ದಾಗ ನಮ್ಮ ಸೋದರಮಾವನವರು ಬೆನೆಡಿಕ್ಟ್ ದ್ರಾವಣದಲ್ಲಿ ಎಂಟು ಹನಿ ಮೂತ್ರವನ್ನು ಹಾಕಿ, ಗಾಜಿನ ನಳಿಗೆಯನ್ನು ದೀಪದ ಮೇಲೆ ಕಾಯಿಸುತ್ತಿದ್ದುದನ್ನು ಕಂಡಿದ್ದೇನೆ. ನೀಲಿಯಾಗಿಯೇ ಉಳಿದರೆ ಕ್ಷೇಮ. ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಬಂದರೆ ಅಪಾಯ. ಆದರೆ ಸಕ್ಕರೆಯು ಅತಿಯಾಗಿ ಇಳಿದುದನ್ನು ಆ ಬಣ್ಣವು ಹೇಳಲಾರದು. ಈ ಯಂತ್ರವು ಹೇಳುವುದು. ಯಂತ್ರಕ್ಕೆ ಒಮ್ಮೆ ಹಣ ಕೊಟ್ಟರೆ ಸಾಕು. ಖರ್ಚು ಇರುವುದು ಪಟ್ಟಿಗಳಲ್ಲಿ. ಆದುದರಿಂದ ಯಂತ್ರವನ್ನು ಕೊಳ್ಳುವ ಮುನ್ನ ಅದರ ಪಟ್ಟಿಗಳು ಊರಿನಲ್ಲಿಯೇ ಸಿಗುವುವೇ ಎಂಬುದನ್ನು ವಿಚಾರಿಸತಕ್ಕದ್ದು. ಹಣ್ಣು ತಿಂದ ಬೆರಳಿನಿಂದ ಪರೀಕ್ಷಿಸಿದರೆ ಸುಳ್ಳು ಅಂಕೆ ಬರುವುದರಿಂದ, ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು.

ಎರಡನೆಯದು ಇನ್ಸುಲಿನ್ ಲೇಖನಿ. ನೋಟಕ್ಕೆ ಶಾಯಿಯ ಪೆನ್ನಿನಂತೆಯೇ ಇರುವುದು. ಹಿಂಬದಿಯ ಗುಂಡಿಯನ್ನು ತಿರುಗಿಸಿ ಬೇಕಾದಷ್ಟು ಯೂನಿಟ್ಟುಗಳನ್ನು ಹಚ್ಚಿ, ಒತ್ತಿದರೆ ಸರಿ. ಸೂಜಿಯ ಉದ್ದ ನಾಲ್ಕು ಮಿಲಿಮೀಟರು ಮಾತ್ರ. ರಾತ್ರಿಗೊಮ್ಮೆ ನಿಧಾನವಾಗಿ ದಿನವಿಡೀ ಕೆಲಸ ಮಾಡುವುದೊಂದು, ಮೂರು ಊಟಗಳಿಗೆ ಬೇಗನೆ ಕೆಲಸ ಮಾಡುವುದೊಂದು. ಹೀಗೆ ಎರಡು ಲೇಖನಿಗಳು. ತಪ್ಪಬಾರದೆಂದು ರಾತ್ರಿಯದಕ್ಕೆ ಹುಡುಗಿಯು ಕರಿಯ ದಾರವನ್ನು ಸುತ್ತಿರುವಳು. ಒಂದೇ ಜಾಗಕ್ಕೆ ಚುಚ್ಚಿದರೆ ಗಂಟುಕಟ್ಟಿ ಔಷಧವು ಸರಿಯಾಗಿ ಹತ್ತುವುದಿಲ್ಲವಾದ್ದರಿಂದ ಹೊಟ್ಟೆ, ತೊಡೆ, ತೋಳುಗಳನ್ನು ಸರದಿಯಂತೆ ಬದಲಿಸುವಳು.

ಲೇಖನಿಯು ಕೆಟ್ಟಾಗ ಬೇಕೆಂದು ಒಂದು ಸೀಸೆ ಇನ್ಸುಲಿನ್ನೂ ಸಿರಿಂಜುಗಳೂ ಇವೆ. ಇಲ್ಲಿ ಗೃಹಸ್ಥರು ಎಚ್ಚರವಿರಬೇಕಾದ ವಿಷಯವೊಂದುಂಟು. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಬಹುತೇಕ ಮಿಲಿಲೀಟರಿಗೆ ೪೦ ಯೂನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ೧೦೦ ಯೂನಿಟ್ಟಿನ ಔಷಧಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಕಳೆದ ವರ್ಷ ಒಂದು ಅಂಗಡಿಯಲ್ಲಿ ನಲವತ್ತರ ಸೀಸೆಗೆ ಕಿತ್ತಳೆ ಮುಚ್ಚಳದ್ದನ್ನು ಕೊಟ್ಟುಬಿಟ್ಟಿದ್ದರಂತೆ. ಹತ್ತರ ಗೆರೆಯವರೆಗೆ ಎಳೆದರೂ ಹೊಕ್ಕುದು ನಾಲ್ಕೇ ಯೂನಿಟ್ಟು! ಎರಡು ದಿನ ಸಕ್ಕರೆಯು ಏಕೆ ಇಳಿಯದೆಂದು ಮನೆಯವರೆಲ್ಲ ಗಾಬರಿಗೊಂಡರು. ಇದರ ತಿರುಗುಮುರುಗಾಗಿ, ನೂರರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಿಂದ ತೆಗೆದಿದ್ದರೆ ಹತ್ತಕ್ಕೆ ಬದಲಾಗಿ ಇಪ್ಪತ್ತೈದು ಯೂನಿಟ್ಟು ಹೋಗಿ ಪ್ರಾಣಕ್ಕೇ ಕುತ್ತು ಬರುತ್ತಿದ್ದಿತು. ಈಗ ತಂಗಿಯು ಗೂಡಿನ ಒಳಗೋಡೆಯ ಮೇಲೆ ಸುಣ್ಣದಿಂದ “೪೦ – ಕೆಂಪು” ಎಂದು ಬರೆದಿಟ್ಟಿರುವಳು. ಆಕೆ ಕಲಿತದ್ದು ನಾಲ್ಕನೆಯ ಇಯತ್ತೆ. ಬರಹವು ಮಾತ್ರ ವೈದ್ಯರು ಮೆಚ್ಚತಕ್ಕದ್ದು.

ಇನ್ನು ಬಿಸಿಲಿನ ಮಾತು. ತೆರೆಯದ ಇನ್ಸುಲಿನ್ನು ೨ರಿಂದ ೮ ಡಿಗ್ರಿಯ ತಂಪಿನಲ್ಲಿರಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು, ಕಾಯ್ದರೂ ಕೆಟ್ಟಿತು. ಉಪಯೋಗದಲ್ಲಿರುವುದನ್ನು ಸುಮಾರು ೨೫-೩೦ ಡಿಗ್ರಿಯೊಳಗೆ ನಾಲ್ಕು ವಾರ ಇಡಬಹುದು. ಕೆಟ್ಟ ಇನ್ಸುಲಿನ್ನು ಹಾಲಿನಂತೆ ಹುಳಿವಾಸನೆಯಿಂದ ತನ್ನನ್ನು ತಿಳಿಸಿಕೊಡುವುದಿಲ್ಲ. ಎಷ್ಟೋ ಸಲ ನೀರಿನಂತೆ ತಿಳಿಯಾಗಿಯೇ ಇದ್ದು ಕೆಲಸ ಮಾಡದಿರುವುದು. ಮನೆಯಲ್ಲಿ ಶೀತಪೆಟ್ಟಿಗೆ ಇದೆ. ಆದರೆ ಬೇಸಗೆಯಲ್ಲಿ ವಿದ್ಯುತ್ತು ಗಂಟೆಗಟ್ಟಲೆ ಹೋಗುವುದುಂಟು. ಇದಕ್ಕೆ ಹಿತ್ತಲಿನ ನೆರಳಿನಲ್ಲಿ ಇವರು ಮಾಡಿದ ಉಪಾಯವನ್ನು ಕಂಡು ನಾನು ಬೆರಗಾದೆನು. ಅಗಲ ಬಾಯಿಯ ಮಣ್ಣಿನ ಗಡಿಗೆ. ಅದರೊಳಗೆ ಸಣ್ಣದೊಂದು ಗಡಿಗೆ. ಎರಡರ ನಡುವೆ ಉಸುಕು. ಮುಂಜಾನೆ ಸಂಜೆ ಉಸುಕಿಗೆ ನೀರುಣಿಸಿ, ಬಾಯಿಗೆ ಒದ್ದೆಯ ಅರಿವೆಯನ್ನು ಹೊದಿಸುವರು. ಔಷಧವು ನೀರು ತಾಗದಂತೆ ಮುಚ್ಚಳದ ಡಬ್ಬಿಯಲ್ಲಿ ಒಳಗಡಿಗೆಯಲ್ಲಿರುವುದು. ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಒಯ್ಯುವುದಷ್ಟೆ. ನಾನು ಹೋದ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಉಷ್ಣಮಾಪಕವು ೩೮ ತೋರಿಸಿದರೆ, ಗಡಿಗೆಯೊಳಗೆ ೨೬. ಗಾಳಿಯು ಒಣಗಿದಷ್ಟೂ ಇದರ ಗುಣ ಹೆಚ್ಚು. ಮಳೆಗಾಲದ ತೇವದಲ್ಲಿ ಕಡಿಮೆ. ಇದು ಶೀತಪೆಟ್ಟಿಗೆಗೆ ಬದಲಲ್ಲವಾದರೂ ಬಳಕೆಯ ಲೇಖನಿಗೆ ಧಾರಾಳವಾಗಿ ಸಾಕು. ಪ್ರಯಾಣಕ್ಕೆ ಇದೇ ತತ್ತ್ವದ ಬಟ್ಟೆಯ ಚೀಲಗಳೂ ಬಂದಿವೆ. ನೀರಿನಲ್ಲಿ ನೆನೆಸಿದರೆ ಅದರೊಳಗಿನ ಹರಳುಗಳು ಉಬ್ಬಿ ಬಹಳ ಹೊತ್ತು ತಂಪಾಗಿರುವುವು.

ಆ ರಾತ್ರಿ ದೀಪದ ಮುಂದೆ ಸುಶ್ರುತನನ್ನು ತೆರೆದೆನು. ಚಿಕಿತ್ಸಾಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಆತನು ಪ್ರಮೇಹವನ್ನು ಎರಡಾಗಿ ವಿಂಗಡಿಸಿರುವನು: ಹುಟ್ಟಿನೊಡನೆ ಬರುವ ಸಹಜ, ತಪ್ಪು ಆಹಾರದಿಂದ ಬರುವ ಅಪಥ್ಯನಿಮಿತ್ತ. ಮೊದಲಿನವನು ಕೃಶನು, ಕಡಿಮೆ ಉಣ್ಣುವವನು, ಬಹಳ ಬಾಯಾರುವವನು. ಎರಡನೆಯವನು ಸ್ಥೂಲನು, ಹಾಸಿಗೆಯ ಸುಖವನ್ನು ಬಯಸುವವನು. ಆ ಪ್ರಾಚೀನನ ಕಣ್ಣು ಎಷ್ಟು ಸೂಕ್ಷ್ಮ! ತಂಗಿಯು ಆಸೆಯಿಂದ, “ಹಂಗಾರ ಔಷಧಾನೂ ಬರದಿರಬೇಕಲ್ಲ?” ಎಂದಳು. ನಾನು ಪುಸ್ತಕವನ್ನು ಮುಚ್ಚಿ ಹೇಳಿದೆನು: “ತಂಗಿ, ಆತ ಕಂಡದ್ದನ್ನ ಬರದಾನ, ಕಾಣದ್ದನ್ನ ಬರದಿಲ್ಲ. ಈ ಕೂಸಿನ ಮೈಯಾಗ ಇನ್ಸುಲಿನ್ ಹುಟ್ಟೂದs ಇಲ್ಲ. ಇಲ್ಲದ್ದನ್ನ ಹೊರಗಿಂದ ಕೊಡಬೇಕು. ಬೇರಿನ ಕಷಾಯ ಅದನ್ನ ಹುಟ್ಟಸೂದಿಲ್ಲ.”

ಸಂಗತಿಯು ಇಷ್ಟೆ. ಮೈಯ ಕಾವಲುಪಡೆಯೇ ದಾರಿತಪ್ಪಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೊಂದುಹಾಕುವುದು. ಇದು ಮಗುವು ಸಿಹಿ ತಿಂದುದರ ಫಲವಲ್ಲ, ತಾಯಿಯ ತಪ್ಪಲ್ಲ, ಅಂಟುವ ರೋಗವೂ ಅಲ್ಲ. ೧೯೨೧ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಪ್ರಾಣಿಗಳ ಗ್ರಂಥಿಯಿಂದ ಇನ್ಸುಲಿನ್ನನ್ನು ತೆಗೆದರು. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಮೊದಲು ಕೊಡಲಾಯಿತು. ಅದಕ್ಕೆ ಮುಂಚೆ ಇಂಥ ಮಕ್ಕಳನ್ನು ಉಪವಾಸಕ್ಕೆ ಸಮನಾದ ಪಥ್ಯದಲ್ಲಿಟ್ಟು ಕೆಲವು ಕಾಲ ಉಳಿಸಿಕೊಳ್ಳುವುದರ ಹೊರತು ವೈದ್ಯರಿಗೆ ಮಾರ್ಗವೇ ಇರಲಿಲ್ಲ. ಇನ್ಸುಲಿನ್ನನ್ನು ಬಿಟ್ಟರೆ ರಕ್ತವು ಆಮ್ಲವಾಗುತ್ತ ಬಂದು, ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡು ಎಚ್ಚರ ತಪ್ಪುವುದು. ಇದನ್ನು ಮೊದಲೇ ತಿಳಿಯಲು ಗೂಡಿನಲ್ಲಿ ಕೀಟೋನ್ ಪಟ್ಟಿಗಳ ಸೀಸೆಯಿದೆ. ಮೂತ್ರದಲ್ಲಿ ಅದ್ದಿದರೆ ಬಣ್ಣವು ನೇರಿಳೆಗೆ ತಿರುಗುವುದು. ಜ್ವರ ಬಂದಾಗ, ಸಕ್ಕರೆಯು ೨೫೦ಕ್ಕೆ ಮೇಲೇರಿ ಇಳಿಯದಿದ್ದಾಗ ಇದನ್ನು ನೋಡಿ, ಬಣ್ಣ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ತಂಗಿಯು ಏನೂ ಮಾತನಾಡದೆ ಎದ್ದುಹೋದಳು. ಒಪ್ಪಿದಳೆಂದು ನನಗೆ ತೋರಲಿಲ್ಲ.

ಮರುದಿನ ಹುಡುಗಿಯನ್ನೂ ತಂಗಿಯನ್ನೂ ಕರೆದುಕೊಂಡು, ಕುಕನೂರಿಗೆ ಸಮೀಪದ ಇಟಗಿಯ ಮಹಾದೇವ ದೇವಾಲಯವನ್ನು ನೋಡಲು ಹೋದೆನು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಶಾಸನವು ದೇವಾಲಯ ಚಕ್ರವರ್ತಿ ಎಂದು ಕೊಂಡಾಡಿರುವುದು. ಬಳಪದ ಕಲ್ಲಿನ ಕಂಬಗಳು ಚಿನಿವಾರನು ಕಡೆದಂತೆ ನುಣುಪಾಗಿ ಹೊಳೆಯುತ್ತಿರುವುವು. ಬಸ್ಸಿಗೆ ತಡವಾಗುವುದೆಂದು ಬೆಳಿಗ್ಗೆ ನಾನು ಅವಸರಮಾಡಿದ್ದೆನು. ಹುಡುಗಿಯು ಎರಡು ರೊಟ್ಟಿಗೆ ಲೆಕ್ಕಮಾಡಿ ಇನ್ಸುಲಿನ್ ತೆಗೆದುಕೊಂಡವಳು ಒಂದನ್ನು ಬಿಟ್ಟು ಎದ್ದಿದ್ದಳು. ಅವರ ಮನೆಯಲ್ಲಿ ಹಿಟ್ಟನ್ನು ತಕ್ಕಡಿಯಲ್ಲಿಟ್ಟು ತೂಗುವರು; ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು ೭೦ ಗ್ರಾಂ ಪಿಷ್ಟವಿರುವುದರಿಂದ ರೊಟ್ಟಿಯೊಂದಕ್ಕೆ ಎಷ್ಟು ಔಷಧವೆಂಬ ಲೆಕ್ಕವುಂಟು. ಆ ಲೆಕ್ಕವನ್ನು ನನ್ನ ಅವಸರವು ಕೆಡಿಸಿತೆಂಬುದು ನನಗೆ ಹೊಳೆಯಲಿಲ್ಲ.

ನಾನು ಶಾಸನದ ಅಕ್ಷರಗಳನ್ನು ಬಿಡಿಸುತ್ತ ನಿಂತಿದ್ದಾಗ ಹುಡುಗಿಯು ಕಂಬಕ್ಕೆ ಒರಗಿದಳು. ಹಣೆಯ ಮೇಲೆ ಬೆವರು, ಕೈ ನಡುಗುತ್ತಿದ್ದವು. ಆಕೆಯ ತೋಳಿನ ಹಿಂಬದಿಯಲ್ಲಿ ಹದಿನಾಲ್ಕು ದಿನ ಅಂಟಿಕೊಂಡಿರುವ ಸೆನ್ಸರ್ ಬಿಲ್ಲೆಯೊಂದುಂಟು; ಅದರ ಎಳೆಯು ಚರ್ಮದ ಕೆಳಗಿನ ದ್ರವವನ್ನು ಅಳೆದು ಮೊಬೈಲಿಗೆ ಅಂಕೆಯನ್ನು ಕಳಿಸುವುದು. ಸಾವಿರಾರು ರೂಪಾಯಿನ ವಸ್ತುವಾದ್ದರಿಂದ ಸದಾ ಹಾಕುವ ಶಕ್ತಿ ಇವರಿಗಿಲ್ಲ. ಈ ಸಲ ತಂದೆಯು ತಂದಿದ್ದನು. ಅದು ೮೪ ತೋರಿಸಿ ಬಾಣವನ್ನು ಕೆಳಮುಖ ಮಾಡಿದ್ದಿತು. “ಇದು ರಕ್ತದಕಿಂತ ಹಿಂದ ಇರ್ತೈತಿ ಅಜ್ಜಾ” ಎಂದು ಆಕೆಯೇ ಬೆರಳನ್ನು ಚುಚ್ಚಿ ನೋಡಿದಳು: ೫೮. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕೂಡಲೆ ಸಕ್ಕರೆ ಕೊಡಬೇಕು. ನಾನು ದಿಕ್ಕುತೋಚದೆ ನಿಂತೆನು. ತಂಗಿಯು ಸೆರಗಿನ ಗಂಟಿನಿಂದ ಗ್ಲುಕೋಸಿನ ಪೊಟ್ಟಣವನ್ನು ಬಿಚ್ಚಿ, ಮೂರು ಚಮಚೆ, ಎಂದರೆ ಹದಿನೈದು ಗ್ರಾಂ, ನೀರಿನಲ್ಲಿ ಕಲಸಿ ಕುಡಿಸಿದಳು. ಹದಿನೈದು ನಿಮಿಷ ಕುಳಿತೆವು. ೬೬. ಮತ್ತೆ ಮೂರು ಚಮಚೆ, ಮತ್ತೆ ಹದಿನೈದು ನಿಮಿಷ. ೯೨. ಆಮೇಲೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯ ತುಂಡು. ದೇವಾಲಯ ಚಕ್ರವರ್ತಿಯ ಮುಂದೆ ಕಳೆದ ಆ ಅರ್ಧ ಗಂಟೆಯಷ್ಟು ದೀರ್ಘವಾದ ಕಾಲವನ್ನು ನಾನು ಬೇರೆ ಕಂಡಿಲ್ಲ.

ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದೆಂದೂ, ಅಂಥ ಸಮಯಕ್ಕೆ ಗ್ಲುಕಗಾನ್ ಎಂಬ ಔಷಧವಿದೆಯೆಂದೂ, ಅದಿಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕೆಂದೂ ತಂಗಿಯೇ ನನಗೆ ಹೇಳಿಕೊಟ್ಟಳು.

ಹಿಂದಿರುಗುವಾಗ ಬಸ್ಸಿನಲ್ಲಿ ಹಳೆಯ ನೆನಪೊಂದು ನನ್ನನ್ನು ಬಿಡಲಿಲ್ಲ. ಅನೇಕ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನು ಪದೇ ಪದೇ ನೀರು ಕುಡಿಯಲೆಂದೂ ಮೂತ್ರಕ್ಕೆಂದೂ ಅಪ್ಪಣೆ ಕೇಳುತ್ತಿದ್ದನು. ದಿನದಿನಕ್ಕೆ ಸೊರಗುತ್ತಿದ್ದನು. ಪಾಠ ತಪ್ಪಿಸುವ ಉಪಾಯವೆಂದು ತಿಳಿದು ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ವಾರದೊಳಗಾಗಿ ಅವನನ್ನು ಆಸ್ಪತ್ರೆಗೆ ಒಯ್ದರು. ಮತ್ತೆ ಅವನು ಶಾಲೆಗೆ ಬರಲಿಲ್ಲ. ಬಾಯಾರಿಕೆ, ಅತಿಮೂತ್ರ, ಸೊರಗುವಿಕೆ ಇವು ಮೂರೂ ಸುಶ್ರುತನ ಪುಸ್ತಕದಲ್ಲಿದ್ದವು. ನಾನು ಅದನ್ನು ಓದಿಯೂ ಇದ್ದೆನು. ಇಂದಿನ ಉಪಾಧ್ಯಾಯರು ಹೀಗೆ ಮಾಡದಿರಲಿ. ಸಿ.ಬಿ.ಎಸ್.ಇ. ಮಂಡಲಿಯು ೨೦೧೭ರಲ್ಲಿಯೇ ಇಂಥ ಮಕ್ಕಳು ಪರೀಕ್ಷೆಯ ಕೊಠಡಿಗೆ ತಿನಿಸನ್ನು ಒಯ್ಯಲು ಅನುಮತಿ ಕೊಟ್ಟಿರುವುದು. ನೀರಿಗೂ, ಒಂದು ಚಮಚೆ ಗ್ಲುಕೋಸಿಗೂ, ಬೆರಳು ಚುಚ್ಚಿ ನೋಡಿಕೊಳ್ಳುವುದಕ್ಕೂ ಯಾವ ಗುರುವೂ ಅಡ್ಡಬರಬಾರದು.

ನಾಲ್ಕನೆಯ ದಿನ ಮುಂಜಾನೆ ಹೊರಡಲು ಸಿದ್ಧನಾಗಿ ಹಿತ್ತಲಿಗೆ ಹೋದೆನು. ಬಚ್ಚಲ ಒಲೆಯಲ್ಲಿ ಆ ಕಷಾಯದ ಬೇರುಗಳು ಉರಿಯುತ್ತಲಿದ್ದವು. ತಂಗಿಯು ಗಡಿಗೆಯ ಉಸುಕಿಗೆ ತಂಬಿಗೆಯಿಂದ ನೀರುಣಿಸುತ್ತ, ನನ್ನತ್ತ ನೋಡದೆಯೇ, “ಅಣ್ಣಾ, ನೀ ಮುಂದಿನ ಸಲ ಬರುವಾಗ ಪುಸ್ತಕ ಬ್ಯಾಡ, ಎರಡು ಡಬ್ಬಿ ಪಟ್ಟಿ ತಗೊಂಡು ಬಾ” ಎಂದಳು.

ಬರೆದುಕೊಂಡಿದ್ದೇನೆ. ಯಂತ್ರದ ಹೆಸರನ್ನೂ ಬರೆದುಕೊಂಡಿದ್ದೇನೆ. ಬೇರೆ ಯಂತ್ರದ ಪಟ್ಟಿಯು ಅದಕ್ಕೆ ಹೊಂದಲಾರದಷ್ಟೆ.