ಪಿನ್ನಿಗೆ ತಡೆಯುವಷ್ಟೇ ವೋಲ್ಟು

ಪುಣೆಯ ಬೇಸಿಗೆ ಅಂದರೆ ಟ್ಯಾಂಕರುಗಳ ಲೆಕ್ಕ. ನಮ್ಮ ಸೊಸೈಟಿಯ ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ನೋಡಲು ವಾಚ್‌ಮನ್ ಮಾಮಾ ದಿನಕ್ಕೆ ನಾಲ್ಕು ಸಲ ಮುಚ್ಚಳ ಎತ್ತಿ ಬಗ್ಗಬೇಕು. ಅವರಿಗೆ ಅರವತ್ತು ದಾಟಿದೆ, ಒಮ್ಮೆ ಕಾಲೂ ಜಾರಿತ್ತು. ಅದಕ್ಕೇ ಕೆಳಮಹಡಿಯ ಕಾಲೇಜು ಹುಡುಗ ರಾಸ್ಪ್‌ಬೆರಿ ಪೈ ಇಟ್ಟು ನೀರಿನ ಮಟ್ಟ ಮೊಬೈಲಿನಲ್ಲಿ ತೋರಿಸುತ್ತೇನೆ ಎಂದಾಗ ನಾನೂ ಕೈಜೋಡಿಸಿದೆ. ದಿನವಿಡೀ ಸಾಫ್ಟ್‌ವೇರ್ ಬರೆಯುವವನಿಗೆ ತಂತಿ ಮುಟ್ಟುವ ಚಪಲ.

ಅವನು ತಂದ ಸೆನ್ಸರು ಜೆಎಸ್‌ಎನ್-ಎಸ್‌ಆರ್04ಟಿ. ತೇವಕ್ಕೆ ಜಗ್ಗದು, ಟ್ಯಾಂಕಿಗೆ ಸರಿಯಾದದ್ದೇ. ಅದನ್ನು 5 ವೋಲ್ಟಿನಲ್ಲಿ ನಡೆಸಿದರೆ ಎಕೋ ಪಿನ್ನಿನಿಂದ ಬರುವುದೂ 5 ವೋಲ್ಟೇ. ಪೈನ ಪಿನ್ನುಗಳಿಗೆ 3.3 ವೋಲ್ಟೇ ಮಿತಿ. ಹುಡುಗ ನೇರ ಜೋಡಿಸಿಬಿಟ್ಟಿದ್ದ. “ದಾದಾ, ಒಂದು ವಾರದಿಂದ ನಡೀತಾ ಇದೆಯಲ್ಲ!”

ನಡೆಯುತ್ತದೆ, ನನ್ನ ಹೆದರಿಕೆಯೂ ಅದೇ. ಇಂಥ ಚಿಪ್ಪುಗಳ ಪಿನ್ನಿನ ಹಿಂದೆ ಸಾಮಾನ್ಯವಾಗಿ ಪುಟ್ಟ ರಕ್ಷಣಾ ಡಯೋಡು ಇರುತ್ತದೆ. ವೋಲ್ಟೇಜು ಮಿತಿ ದಾಟಿದರೆ ಆ ಕರೆಂಟನ್ನು ಅದು ಸಪ್ಲೈ ಕಡೆಗೆ ತಳ್ಳುತ್ತದೆ. ಅದನ್ನು ಇಟ್ಟಿರುವುದು ಬೆರಳಿನಿಂದ ಸಿಡಿಯುವ ಸ್ಥಿರ ವಿದ್ಯುತ್ತಿನ ಕ್ಷಣದ ಪೆಟ್ಟಿಗೆ, ಹಗಲೂ ರಾತ್ರಿ ಹೊರೆ ಹೊರಲು ಅಲ್ಲ. ಅದು ಸೋತು ಪಿನ್ನು ಕೆಟ್ಟ ದಿನ ಮೊಬೈಲಿನಲ್ಲಿ ಹಳೆಯ ಅಂಕಿಯೇ ನಿಂತಿರಬಹುದು. ನೀರಿದೆ ಎಂದು ನಂಬಿ ಟ್ಯಾಂಕರು ಹೇಳದೆ ಎಂಬತ್ತು ಮನೆಗಳು ಕೂತರೆ ಬೈಗುಳ ಬೀಳುವುದು ಮಾಮಾನಿಗೆ, ಪೈಗಲ್ಲ.

ಪರಿಹಾರಕ್ಕೆ ತಪಕೀರ್ ಗಲ್ಲಿಯಲ್ಲಿ ಒಂದು ಚಹಾದ ದುಡ್ಡೂ ಬೇಡ. ಎಕೋ ತಂತಿಗೆ 1 ಕಿಲೋಓಮಿನ ರೆಸಿಸ್ಟರು, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮಿನದು. ಎರಡರ ನಡುವೆ ಸಿಗುವುದು ಐದರ ಮೂರನೇ ಎರಡು ಪಾಲು, ಸುಮಾರು 3.3 ವೋಲ್ಟು.

ಆಮೇಲೆ ಹುಡುಗನಿಗೆ ಪಂಪು ನಡೆಯುತ್ತಿದೆಯೇ ಎಂಬುದೂ ಬೇಕಾಯಿತು. ಪ್ಯಾನೆಲ್ಲಿನಿಂದ ಬರುವ ಆ ಸಿಗ್ನಲು 24 ವೋಲ್ಟ್ ಡಿಸಿ. ರೆಸಿಸ್ಟರುಗಳ ಲೆಕ್ಕ ಬದಲಿಸಿದರಾಯಿತಲ್ಲ ಎಂದ. ಕಾಗದದ ಮೇಲೆ ಲೆಕ್ಕ ಕೂಡುತ್ತದೆ, ಆದರೆ ನಾನು ಒಪ್ಪಲಿಲ್ಲ. ಮೋಟರು ನಿಂತಾಗ, ಚಾಲೂ ಆದಾಗ ಉದ್ದನೆಯ ತಂತಿಯಲ್ಲಿ ಏಳುವ ಏಟು ಅದೇ ದಾರಿ ಹಿಡಿದು ಬೋರ್ಡಿಗೆ ಬರುತ್ತದೆ. ಇಲ್ಲಿ ಪಿಸಿ817 ಆಪ್ಟೋಕಪ್ಲರೇ ಸರಿ. ಒಳಗೆ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕಿಗೆ ಎಚ್ಚರಾಗುವ ಟ್ರಾನ್ಸಿಸ್ಟರು, ನಡುವೆ ತಂತಿಯೇ ಇಲ್ಲ. ಎಲ್‌ಇಡಿಗೆ 4.7 ಕಿಲೋಓಮು ಕೊಟ್ಟರೆ ಸುಮಾರು 5 ಮಿಲಿಆಂಪು ಹರಿಯುತ್ತದೆ, ಅಷ್ಟು ಧಾರಾಳ ಸಾಕು. ಪೈ ಕಡೆ 10 ಕಿಲೋಓಮಿನಿಂದ ಪಿನ್ನನ್ನು 3.3ಕ್ಕೆ ಎತ್ತಿ ಹಿಡಿದೆವು. ಎರಡು ಕಡೆಯ ಗ್ರೌಂಡುಗಳನ್ನು ಮಾತ್ರ ಬೇಕೆಂದೇ ಕೂಡಿಸಲಿಲ್ಲ. ಪ್ಯಾನೆಲ್ ತೆರೆದದ್ದು ಎಲೆಕ್ಟ್ರಿಷಿಯನ್ನೇ, ಹುಡುಗನಿಗೆ ನಾನು ಬಿಡಲಿಲ್ಲ.

ಪೈಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರು ಹಿಡಿದೆವು. ಪಂಪು ನಿಂತಾಗ 3.3, ನಡೆಯುವಾಗ ಹತ್ತಿರ ಹತ್ತಿರ ಸೊನ್ನೆ. “ಉಲ್ಟಾ ಆಯ್ತಲ್ಲ ದಾದಾ” ಅಂದ ಹುಡುಗ. ಅದೊಂದು ಸಾಲು ಕೋಡಿನ ಕೆಲಸ, ಅದನ್ನು ಅವನಿಗೇ ಬಿಟ್ಟೆ.