ಕೈ ತಿರುಗಿದ್ದೆಷ್ಟು, ಚಕ್ರ ತಿರುಗಿದ್ದೆಷ್ಟು?

ಈ ಕಥೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ, ನಾಚಿಕೆಯಾಗಿ ಮುಂದೂಡ್ತಾ ಬಂದೆ. ನನ್ನ ಕೆಲಸ ಕಾರುಗಳ ಟೆಸ್ಟ್ ಡೇಟಾ ನೋಡೋದು. ಅಂದ್ರೆ ಕಾರು ಓಡಿಸೋರು ಬೇರೆ, ಅದು ಹೇಗೆ ಓಡ್ತು ಅಂತ ಲ್ಯಾಪ್‌ಟಾಪ್ ಮುಂದೆ ಕೂತು ಹೇಳೋನು ನಾನು!

ಸಾಮಾನ್ಯ ಕಾರಲ್ಲಿ ಸ್ಟಿಯರಿಂಗನ್ನ 15 ಡಿಗ್ರಿ ತಿರುಗಿಸಿದ್ರೆ ಮುಂದಿನ ಚಕ್ರ ಹೆಚ್ಚುಕಮ್ಮಿ 1 ಡಿಗ್ರಿ ತಿರುಗುತ್ತೆ. ಇದಕ್ಕೆ ಸ್ಟಿಯರಿಂಗ್ ರೇಶಿಯೋ ಅಂತಾರೆ. ಪಾರ್ಕಿಂಗ್‌ನಲ್ಲಿ ಇದು ಕಮ್ಮಿ ಇದ್ರೆ ಚೆನ್ನ, ಸುತ್ತಿ ಸುತ್ತಿ ಕೈ ನೋಯಲ್ಲ. ಹೈವೇಲಿ ಜಾಸ್ತಿ ಇರ್ಬೇಕು, ಇಲ್ಲಾಂದ್ರೆ ಸೀನಿದ್ರೂ ಲೇನ್ ಬದಲಾಗುತ್ತೆ :-) 2003ರಲ್ಲಿ ಬಿಎಂಡಬ್ಲ್ಯು ತನ್ನ 5 ಸೀರೀಸ್‌ಗೆ ಆ್ಯಕ್ಟಿವ್ ಸ್ಟಿಯರಿಂಗ್ ತಂದಾಗ ಒಂದು ಪ್ಲಾನೆಟರಿ ಗೇರು, ಒಂದು ಮೋಟಾರು ಸೇರಿಸಿ ಎರಡನ್ನೂ ಕೊಟ್ಟಿತ್ತು. ನಿಧಾನಕ್ಕೆ ಹೋಗುವಾಗ ಸುಮಾರು 10ಕ್ಕೆ 1, ಜೋರಾಗಿ ಹೋಗುವಾಗ ಸುಮಾರು 20ಕ್ಕೆ 1.

ಕೆಲವು ವರ್ಷಗಳ ಹಿಂದೆ ನಮ್ಮ ಕೈಗೂ ಅಂಥದೇ ಒಂದು ಕಾರು ಬಂತು. ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ, 100 ಮೀಟರ್ ತ್ರಿಜ್ಯದ ವೃತ್ತದ ಮೇಲೆ ನಿಧಾನಕ್ಕೆ ವೇಗ ಏರಿಸ್ತಾ ಸುತ್ತೋ ಟೆಸ್ಟು. ವೇಗ ಏರಿದ ಹಾಗೆ ಅದೇ ವೃತ್ತದಲ್ಲಿರೋಕೆ ಸ್ಟಿಯರಿಂಗ್ ಇನ್ನಷ್ಟು ತಿರುಗಿಸಬೇಕಾದ್ರೆ ಅದು ಅಂಡರ್‌ಸ್ಟಿಯರ್, ಕಾರಿನ ಮೂತಿ ಹೊರಗೆ ಜಾರ್ತಿದೆ ಅಂತ ಅರ್ಥ. ನನ್ನ ಗ್ರಾಫು ಏರ್ತಾನೇ ಹೋಯ್ತು. ಕಾರು ಓಡಿಸ್ತಿದ್ದ ಕೋಲಾರದ ಕಡೆಯ ಅಣ್ಣ ಇಳಿದು ಬಂದು, "ಗಾಡಿ ಚೆನ್ನಾಗೇ ಐತೆ ಸಾರ್" ಅಂದ್ರು. "ಇಲ್ಲಣ್ಣ, ನಂಬರ್ ಬೇರೆ ಹೇಳ್ತಿದೆ" ಅಂದೆ. ಹಿಂದಿನ ಆ್ಯಂಟಿ-ರೋಲ್ ಬಾರ್ ದಪ್ಪದ್ದು ಹಾಕಿಸ್ದೆ. ಅಂಡರ್‌ಸ್ಟಿಯರ್ ಕಮ್ಮಿ ಮಾಡೋಕೆ ಪುಸ್ತಕದಲ್ಲಿರೋ ಮದ್ದು ಅದೇ ತಾನೆ?

ಮಾರನೇ ದಿನ ಲೇನ್ ಚೇಂಜ್ ಟೆಸ್ಟು. ಎರಡನೇ ತಿರುವಿಗೆ ಕಾರಿನ ಹಿಂಭಾಗ ಕಿತ್ಕೊಂಡು ಪಕ್ಕಕ್ಕೆ ಬಂತು, ಕೋನ್‌ಗಳೆಲ್ಲ ಹಾರಿದ್ವು. ಅಣ್ಣ ಹೇಗೋ ಹಿಡಿದು ನಿಲ್ಲಿಸಿದ್ರು. ಇಳಿದವರು ಏನೂ ಮಾತಾಡ್ಲಿಲ್ಲ. ನನ್ನ ಕೈ ಮಾತ್ರ ನಡುಗ್ತಿತ್ತು.

ರಾತ್ರಿ ಕೂತು ನೋಡಿದ್ರೆ ತಪ್ಪು ಎಷ್ಟು ಸಣ್ಣದು ಅಂತೀರಿ! ಚಕ್ರಗಳ ನಡುವಿನ ಉದ್ದ 2.8 ಮೀಟರ್ ಇದ್ರೆ ಆ ವೃತ್ತದಲ್ಲಿ ಚಕ್ರ ಸುಮಾರು 1.6 ಡಿಗ್ರಿ ತಿರುಗಿದ್ರೆ ಸಾಕು. 20 ಕಿ.ಮೀ. ವೇಗದಲ್ಲಿ ರೇಶಿಯೋ 12 ಅಂತಿಟ್ಕೊಳ್ಳಿ, ಕೈ 19 ಡಿಗ್ರಿ ತಿರುಗುತ್ತೆ. 80ರಲ್ಲಿ ರೇಶಿಯೋ 16 ಆದ್ರೆ, ಸುಮಾರು 26. ಚಕ್ರ ಇದ್ದ ಕಡೆಯೇ ಇದೆ, ಮುಂದಿನ ಟೈರು ಹಿಂದಿನದಕ್ಕಿಂತ ಒಂಚೂರೂ ಜಾಸ್ತಿ ಜಾರಿಲ್ಲ, ಆದ್ರೂ ಗ್ರಾಫು ಏರುತ್ತೆ. ಗೇರು ಮಾಡಿದ್ದನ್ನ ನಾನು ಟೈರಿನ ತಲೆಗೆ ಕಟ್ಟಿದ್ದೆ. ರ‍್ಯಾಕ್ ಎಷ್ಟು ಸರೀತು ಅನ್ನೋ ಚಾನೆಲ್ ಅದೇ ಫೈಲಲ್ಲಿತ್ತು, ತೆರೆದೇ ಇರ್ಲಿಲ್ಲ.

ಹಾಗಂತ ಕೈಯ ಗ್ರಾಫು ಸುಳ್ಳಲ್ಲ. ಕೊಂಡವನಿಗೆ ಸಿಗೋದು ಸ್ಟಿಯರಿಂಗ್ ಒಂದೇ, ರ‍್ಯಾಕ್ ಅಲ್ಲ. ರೇಶಿಯೋ ತೀರಾ ಬೇಗ ಬದಲಾದ್ರೆ ಟೈರು ಎಷ್ಟೇ ನೆಟ್ಟಗಿದ್ರೂ ಅವನಿಗೆ ಇರುಸುಮುರುಸೇ. ಹಾಗಾಗಿ ಈಗ ಎರಡೂ ಗೆರೆ ಒಂದೇ ಹಾಳೆಯಲ್ಲಿ ಎಳೀತೀನಿ.

ಹಳೇ ಬಾರ್ ವಾಪಸ್ ಹಾಕಿಸಿದ ಮೇಲೆ ಅಣ್ಣನ ಹತ್ರ ಹೋಗಿ ತಪ್ಪಾಯ್ತು ಅಂದೆ. ನಕ್ಕು, ಟೀ ಕುಡಿಸಿ ಸಾರ್ ಅಂದ್ರು. ಇವತ್ತಿಗೂ ಯಾವ ಗ್ರಾಫು ತೋರಿಸಿದ್ರೂ ಅವರ ಮೊದಲ ಪ್ರಶ್ನೆ, "ಇದು ನನ್ನ ಕೈದಾ, ಚಕ್ರದ್ದಾ ಸಾರ್?"