ಡಾಕ್ಟರಾಗಬೇಕೆಂದು ಹೊರಟವರು

ಪ್ರಿಯ ಗೆಳೆಯರೇ,

ಬಾಸ್ಕೆಟ್‌ಬಾಲ್ ಎಂದರೆ ಮೈಕೆಲ್ ಜೋರ್ಡಾನ್ ಬಿಟ್ಟು ಬೇರೆ ಹೆಸರೇ ಗೊತ್ತಿಲ್ಲ, ಇನ್ನೊಬ್ಬ ಆಟಗಾರನ ಕತೆ ಹೇಳಿ ಎಂದು ಬರೆದಿದ್ದೀರಿ. ನನಗೆ ಬಹಳ ಇಷ್ಟದ ಒಬ್ಬರ ಕತೆ ಹೇಳುತ್ತೇನೆ. ಅಂಕ ಗಳಿಸಿ ಹೆಸರಾದವರಲ್ಲ ಇವರು. ಬೇರೆಯವರು ಗಳಿಸಲು ಹೊರಟ ಅಂಕವನ್ನು ತಡೆದು ಹೆಸರಾದವರು: ಡಿಕೆಂಬೆ ಮುಟಾಂಬೊ.

ಹುಟ್ಟಿದ್ದು 1966ರ ಜೂನ್ 25ರಂದು, ಕಾಂಗೋದ ಕಿನ್ಶಾಸಾದಲ್ಲಿ. ಮನೆತುಂಬ ಮಕ್ಕಳು, ಒಟ್ಟು ಹತ್ತು ಮಂದಿ. ಹುಡುಗನಿಗೆ ಮೊದಲು ಹಿಡಿಸಿದ್ದು ಫುಟ್‌ಬಾಲ್. ಬಾಸ್ಕೆಟ್‌ಬಾಲ್ ಮುಟ್ಟಿದ್ದು ಹದಿಹರೆಯ ಅರ್ಧ ಕಳೆದ ಮೇಲೆ. ಆಟಗಾರನಾಗುವ ಯೋಚನೆಯೇನೂ ಇರಲಿಲ್ಲ. ಡಾಕ್ಟರಾಗಿ ಊರಿಗೆ ಮರಳಬೇಕು ಎಂಬುದೇ ಆಸೆ. 1987ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸೇರಿದ್ದೂ ಅದಕ್ಕಾಗಿಯೇ. ಆಗ ಇಂಗ್ಲಿಷ್ ಬರುತ್ತಿರಲಿಲ್ಲ.

ಅಲ್ಲಿ ಜಾನ್ ಥಾಂಪ್ಸನ್ ಎಂಬ ಕೋಚ್ ಇದ್ದರು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನ ಅತ್ಯುನ್ನತ ಪ್ರಶಸ್ತಿಯನ್ನು ತಮ್ಮ ತಂಡಕ್ಕೆ ಗೆದ್ದುಕೊಟ್ಟ ಮೊದಲ ಕಪ್ಪು ವರ್ಣದ ಕೋಚ್ ಅವರು, 1984ರಲ್ಲಿ. ಏಳು ಅಡಿ ಎರಡು ಅಂಗುಲದ ವಿದ್ಯಾರ್ಥಿಯೊಬ್ಬ ಕ್ಯಾಂಪಸ್ಸಿನಲ್ಲಿ ಓಡಾಡುತ್ತಿದ್ದರೆ ಥಾಂಪ್ಸನ್ ಕಣ್ಣಿಗೆ ಬೀಳದೆ ಇರುತ್ತಾನೆಯೇ! ಎರಡನೇ ವರ್ಷ ತಂಡಕ್ಕೆ ಕರೆದರು. ವೈದ್ಯಕೀಯದ ಪಾಠ, ಅಭ್ಯಾಸ, ಪಂದ್ಯಗಳ ತಿರುಗಾಟ ಎಲ್ಲವೂ ಒಟ್ಟಿಗೆ ಸಾಗುವಂತಿರಲಿಲ್ಲ. ಡಾಕ್ಟರಾಗುವ ಓದು ಅಲ್ಲಿಗೆ ನಿಂತಿತು. ಓದನ್ನೇ ಬಿಡಲಿಲ್ಲ ಮಾತ್ರ. ಭಾಷಾವಿಜ್ಞಾನ ಮತ್ತು ರಾಜತಾಂತ್ರಿಕತೆ ಓದಿ ಪದವಿ ಪಡೆದೇ ಹೊರಬಂದರು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1991ರಲ್ಲಿ, ಡೆನ್ವರ್ ನಗೆಟ್ಸ್ ತಂಡ ಅವರನ್ನು ನಾಲ್ಕನೆಯವರಾಗಿ ಆರಿಸಿಕೊಂಡಿತು.

ಬ್ಲಾಕ್ ಮಾಡುವುದು, ಅಂದರೆ ಎದುರಾಳಿ ಎಸೆದ ಚೆಂಡನ್ನು ತಡೆಯುವುದು, ಬರೀ ಎತ್ತರದ ಕೆಲಸ ಎಂದುಕೊಳ್ಳಬೇಡಿ. ಎದುರಾಳಿಯ ಕೈಬಿಟ್ಟ ಚೆಂಡು ಮೇಲೇರುತ್ತಿರುವಾಗಷ್ಟೇ ತಡೆಯಬೇಕು. ರಿಂಗಿನತ್ತ ಇಳಿಯಲು ಶುರುವಾದ ಮೇಲೆ ಮುಟ್ಟಿದರೆ ಎದುರಾಳಿಗೇ ಅಂಕ. ಚೆಂಡಿನ ಬದಲು ಕೈಗೆ ಹೊಡೆದರೆ ಫೌಲ್. ಒಂದು ಕ್ಷಣ ಮೊದಲೇ ಜಿಗಿದರೆ ಆತ ಸುಮ್ಮನೆ ನಿಂತು, ನೀವು ಕೆಳಗಿಳಿದ ಮೇಲೆ ಎಸೆಯುತ್ತಾನೆ. ಇಷ್ಟೆಲ್ಲದರ ನಡುವೆ ಮುಟಾಂಬೊ ಹದಿನೆಂಟು ಸೀಸನ್‌ಗಳಲ್ಲಿ 3,289 ಬ್ಲಾಕ್ ಮಾಡಿದರು. ಎನ್‌ಬಿಎ ಲೆಕ್ಕದಲ್ಲಿ ಇದಕ್ಕಿಂತ ಹೆಚ್ಚು ಮಾಡಿದವರು ನೈಜೀರಿಯಾದಿಂದ ಬಂದ ಹಕೀಮ್ ಒಲಾಜುವಾನ್ ಒಬ್ಬರೇ. ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿ ನಾಲ್ಕು ಬಾರಿ ಬಂತು. ಪಂದ್ಯಕ್ಕೆ ಸರಾಸರಿ ಅಂಕ ಹತ್ತನ್ನೂ ಮುಟ್ಟಲಿಲ್ಲ. ಆದರೂ 2015ರಲ್ಲಿ ಬಾಸ್ಕೆಟ್‌ಬಾಲ್ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದರು. ಆಟವನ್ನು ಅಂಕಪಟ್ಟಿಯಲ್ಲಷ್ಟೇ ನೋಡುವವರಿಗೆ ನಾನು ಮೊದಲು ತೋರಿಸುವ ಹೆಸರು ಇದು.

ಬ್ಲಾಕ್ ಆದೊಡನೆ ತೋರುಬೆರಳೆತ್ತಿ ಅತ್ತಿಂದಿತ್ತ ಆಡಿಸುವುದು ಅವರ ಗುರುತು. ತುಂಟ ಮಗುವಿಗೆ ಅಜ್ಜ 'ಊಹೂಂ' ಎನ್ನುವ ಹಾಗೆ. ಎದುರಾಳಿಯ ಮುಖಕ್ಕೆ ಹಾಗೆ ಮಾಡಿದರೆ ದಂಡ ಎಂದಾದಾಗ, ಪ್ರೇಕ್ಷಕರತ್ತ ತಿರುಗಿ ಬೆರಳಾಡಿಸತೊಡಗಿದರು.

ಒಂದು ಸರಣಿಯ ಬಗ್ಗೆ ಹೇಳಲೇಬೇಕು. 1994ರ ಪ್ಲೇಆಫ್, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತ. 63 ಪಂದ್ಯ ಗೆದ್ದು ಮೊದಲ ಶ್ರೇಯಾಂಕದಲ್ಲಿದ್ದ ಸಿಯಾಟಲ್ ಸೂಪರ್‌ಸಾನಿಕ್ಸ್ ಎದುರು, 42 ಗೆದ್ದು ಹೇಗೋ ಎಂಟನೆಯದಾಗಿ ಒಳಬಂದ ಡೆನ್ವರ್. ಐದು ಪಂದ್ಯಗಳ ಸರಣಿಯ ಮೊದಲೆರಡನ್ನು ಡೆನ್ವರ್ ಸೋತಿತು. ತಮ್ಮೂರಿಗೆ ಬಂದು ಎರಡು ಗೆದ್ದಿತು. ಐದನೆಯದು ಮತ್ತೆ ಸಿಯಾಟಲ್‌ನಲ್ಲಿ. ಹೆಚ್ಚುವರಿ ಅವಧಿಗೆ ಹೋಗಿ 98–94ಕ್ಕೆ ಡೆನ್ವರ್ ಪಾಲಾಯಿತು. ಎಂಟನೇ ಶ್ರೇಯಾಂಕದ ತಂಡ ಮೊದಲನೆಯದನ್ನು ಮನೆಗೆ ಕಳಿಸಿದ್ದು ಎನ್‌ಬಿಎಯಲ್ಲಿ ಅದೇ ಮೊದಲು. ಆ ಐದು ಪಂದ್ಯಗಳಲ್ಲಿ ಮುಟಾಂಬೊ ಮಾಡಿದ್ದು 31 ಬ್ಲಾಕ್. ಕೊನೆಯ ಗಂಟೆ ಬಾರಿಸಿದಾಗ ಅವರು ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಚೆಂಡನ್ನು ಎತ್ತಿ ಹಿಡಿದು ನಗುತ್ತಿದ್ದರು. ಚೆಂಡು ಬಿಡುವ ಮನಸ್ಸೇ ಇರಲಿಲ್ಲ. ವಿಡಿಯೋ ಸಿಗುತ್ತದೆ, ಖಂಡಿತ ನೋಡಿ. ಅಷ್ಟು ತುಂಬು ಸಂತೋಷ ಕಾಣುವುದು ಅಪರೂಪ.

ಮುಂದೆ ಅಟ್ಲಾಂಟಾ, ಫಿಲಡೆಲ್ಫಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಹ್ಯೂಸ್ಟನ್ ತಂಡಗಳಿಗೆ ಆಡಿದರು. ಎರಡು ಸಲ ಫೈನಲ್ ಆಡಿದರೂ ಚಾಂಪಿಯನ್ ಆಗಲಿಲ್ಲ. 2008ರಲ್ಲಿ ಹ್ಯೂಸ್ಟನ್ನಿನ ಆಟಗಾರ ಯಾವ್ ಮಿಂಗ್ ಗಾಯಗೊಂಡು ಹೊರಗುಳಿದಾಗ, 41ರ ಮುಟಾಂಬೊ ಅವರ ಜಾಗದಲ್ಲಿ ನಿಂತರು. ಆಗಲೇ ಶುರುವಾಗಿದ್ದ ತಂಡದ ಗೆಲುವಿನ ಓಟ ಸತತ 22 ಪಂದ್ಯಗಳವರೆಗೆ ಮುಂದುವರಿಯಿತು. ಮರುವರ್ಷ ಮಂಡಿಗೆ ಪೆಟ್ಟಾಗಿ ಆಟ ಮುಗಿಯಿತು.

ಇನ್ನು ಅವರು ಕಟ್ಟಿಸಿದ ಆಸ್ಪತ್ರೆಯ ವಿಷಯ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ. 90ರ ದಶಕದ ಕೊನೆಯಲ್ಲಿ ಕಾಂಗೋ ಯುದ್ಧದಲ್ಲಿ ಬೇಯುತ್ತಿತ್ತು. ತಾಯಿ ಬಿಯಾಂಬಾ ಮರೀ ಅವರಿಗೆ ಮನೆಯಲ್ಲೇ ಕಾಯಿಲೆ ಉಲ್ಬಣಿಸಿತು. ಗಲಭೆ, ಕರ್ಫ್ಯೂ, ಬೀದಿಗಿಳಿಯುವಂತಿಲ್ಲ. ಆಸ್ಪತ್ರೆಗೆ ಸೇರಿಸಲಾಗದೆ ತೀರಿಕೊಂಡರು. ಮಗ ಕೋಟಿಗಟ್ಟಲೆ ಸಂಪಾದಿಸುತ್ತಿದ್ದ ಕಾಲವದು. ಹಣ ಎಷ್ಟಿದ್ದರೇನು, ಹೆತ್ತವಳನ್ನು ವೈದ್ಯರ ಬಳಿ ತಲುಪಿಸಲಾಗಲಿಲ್ಲ ಎಂಬ ಆ ಸಂಕಟವನ್ನು ನೆನೆದರೆ ನನಗೆ ಕರುಳು ಹಿಂಡಿದಂತಾಗುತ್ತದೆ.

ಕಿನ್ಶಾಸಾದಲ್ಲಿ ತಾಯಿಯ ಹೆಸರಿನ ಆಸ್ಪತ್ರೆ ಕಟ್ಟಲು ನಿಂತರು. ಸುಲಭವಾಗಿರಲಿಲ್ಲ. 2001ರಲ್ಲಿ ಅಡಿಗಲ್ಲು ಬಿತ್ತು, ಕಟ್ಟಡ ಏಳತೊಡಗಿದ್ದು 2004ರಲ್ಲಿ. 300 ಹಾಸಿಗೆ, ವೆಚ್ಚ ಸುಮಾರು 2.9 ಕೋಟಿ ಡಾಲರ್, ಅದರಲ್ಲಿ ಸುಮಾರು ಒಂದೂವರೆ ಕೋಟಿ ಅವರ ಸ್ವಂತದ್ದು. 2007ರಲ್ಲಿ ರೋಗಿಗಳು ಬರತೊಡಗಿದರು. ಆಗಿನ್ನೂ ಅವರು ಹ್ಯೂಸ್ಟನ್ ಪರ ಆಡುತ್ತಲೇ ಇದ್ದರು. ನಿವೃತ್ತಿಯ ನಂತರದ ಸಮಾಜಸೇವೆಯಲ್ಲ ಇದು, ಮೈಯಲ್ಲಿ ಕಸುವಿದ್ದಾಗಲೇ ಹೊತ್ತ ಭಾರ. ಅಂಗಳದಲ್ಲಿ ಎಷ್ಟು ಬ್ಲಾಕ್ ಎಂಬುದಕ್ಕಿಂತ ಇದನ್ನೇ ನಾನು ದೊಡ್ಡದೆನ್ನುತ್ತೇನೆ. ಡಾಕ್ಟರಾಗಿದ್ದರೆ ಇಷ್ಟು ಮಂದಿಯನ್ನು ಮುಟ್ಟಲು ಅವರೊಬ್ಬರ ಕೈಯಿಂದ ಆಗುತ್ತಿತ್ತೇ?

2021ರಲ್ಲಿ ಕಾಂಗೋದ ಎಂಬುಜಿ-ಮಾಯಿಯಲ್ಲಿ ತಂದೆ ಸ್ಯಾಮ್ಯುವೆಲ್ ಅವರ ಹೆಸರಿನ ಶಾಲೆಯೂ ಆಯಿತು. ಮರುವರ್ಷ ಮಿದುಳಿನಲ್ಲಿ ಗಡ್ಡೆಯಿರುವುದು ತಿಳಿಯಿತು. 2024ರ ಸೆಪ್ಟೆಂಬರ್ 30ರಂದು ಅಟ್ಲಾಂಟಾದಲ್ಲಿ, 58ನೇ ವಯಸ್ಸಿಗೆ ಹೋಗಿಬಿಟ್ಟರು. ಆಸ್ಪತ್ರೆ ಅವರ ತಾಯಿಯ ಹೆಸರಿನಲ್ಲೇ ನಡೆಯುತ್ತಿದೆ.

ಆ ಸಿಯಾಟಲ್ ಪಂದ್ಯ ನೋಡಿದ ಮೇಲೆ ಬರೆಯಿರಿ. ಮುಂದಿನ ಸಲ ಒಲಾಜುವಾನ್ ಕತೆ ಹೇಳುತ್ತೇನೆ.

ಪ್ರೀತಿಯಿಂದ,
ನಿಮ್ಮ ಗೆಳೆಯ